ಚಳಿಗಾಲದಲ್ಲಿ ಮೊಟ್ಟೆ, ಹಾಲಿನ ಸರಬರಾಜು ಬದಲಾಗುತ್ತಿದೆ: ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರೇ,

ಮುಂದಿನ ವಾರದಿಂದ ಚಳಿಗಾಲ ಮುಗಿಯುವ ತನಕ ನಮ್ಮ ಫಾರಂನಿಂದ ನಿಮ್ಮ ಮನೆಗೆ ಬರುವ ಬುಟ್ಟಿಯಲ್ಲಿ ಮೂರು ಬದಲಾವಣೆ ಇರುತ್ತವೆ. ಮೊಟ್ಟೆಯನ್ನು ಡಜನ್ ಲೆಕ್ಕದಲ್ಲಿ ಕೊಡುವುದಿಲ್ಲ. ಆಯಾ ವಾರ ಸಿಕ್ಕಿದ್ದನ್ನು ತೂಕ ಮಾಡಿ, ಹೆಸರು ಕೊಟ್ಟ ಎಲ್ಲ ಮನೆಗಳಿಗೂ ಹಂಚುತ್ತೇವೆ. ಆಡಿನ ಹಾಲು ನಿಲ್ಲುತ್ತದೆ. ಹಸುವಿನ ಹಾಲು ಎಂದಿನಂತೆ ಬರುತ್ತದೆ, ಆದರೆ ಬೆಳಿಗ್ಗೆ ಬರುವುದಿಲ್ಲ, ಮಧ್ಯಾಹ್ನ 3 ಗಂಟೆಯ ಮೇಲೆ ಬರುತ್ತದೆ. ಮುಂಗಡ ಕಟ್ಟಿದವರಿಗೆ ಕಡಿಮೆ ಬಂದಷ್ಟರ ಹಣ ಮುಂದಿನ ತಿಂಗಳ ಲೆಕ್ಕಕ್ಕೆ ಜಮಾ ಆಗುತ್ತದೆ. ಅದಕ್ಕಾಗಿ ನೀವು ಕೇಳಬೇಕಾಗಿಲ್ಲ.

ಮೊದಲು ಮೊಟ್ಟೆಯ ವಿಷಯ, ಹೆಚ್ಚು ಜನ ವಿಚಾರಿಸುವುದು ಅದನ್ನೇ. ಚಳಿಗೆ ಕೋಳಿ ಮೊಟ್ಟೆ ನಿಲ್ಲಿಸುತ್ತದೆ ಎಂಬ ಮಾತಿದೆ. ಅದು ಪೂರ್ತಿ ನಿಜವಲ್ಲ. ಚಳಿಗಿಂತ ಹೆಚ್ಚಾಗಿ ಅದಕ್ಕೆ ಕಾರಣ ಬೆಳಕು. ಬೆಳಕು ಕೋಳಿಯ ಕಣ್ಣಿನ ಮೂಲಕ ಮಾತ್ರವಲ್ಲ, ತಲೆಬುರುಡೆಯನ್ನು ದಾಟಿ ನೇರವಾಗಿ ಮೆದುಳನ್ನೂ ಮುಟ್ಟುತ್ತದೆ; ಮೊಟ್ಟೆ ಕಟ್ಟಲು ಬೇಕಾದ ಹಾರ್ಮೋನುಗಳು ಹರಿಯುವುದು ಆ ಸೂಚನೆ ಸಿಕ್ಕಿದಾಗ. ದಿನಕ್ಕೆ 14ರಿಂದ 16 ಗಂಟೆ ಬೆಳಕಿದ್ದರೆ ಹೇಂಟೆ ತುಂಬು ಮೊಟ್ಟೆ ಇಡುತ್ತದೆ. ಹಗಲು 12 ಗಂಟೆಗಿಂತ ಕಿರಿದಾಗುತ್ತಾ ಬಂದಂತೆ ಮೊಟ್ಟೆ ಇಳಿಯುತ್ತದೆ, ಎಷ್ಟೋ ಹೇಂಟೆಗಳಲ್ಲಿ ನಿಂತೇ ಹೋಗುತ್ತದೆ. ಅದೇ ಹೊತ್ತಿಗೆ ಒಂದು ವರ್ಷ ದಾಟಿದವು ಪುಕ್ಕ ಉದುರಿಸಿ ಹೊಸದನ್ನು ಬೆಳೆಸಿಕೊಳ್ಳುತ್ತವೆ. ಪುಕ್ಕದಲ್ಲಿ ಶೇ 85ರಷ್ಟು ಪ್ರೋಟೀನ್ ಇರುತ್ತದೆ. ಮೈಮೇಲಿನ ಹೊದಿಕೆಯನ್ನೇ ಹೊಸದಾಗಿ ನೇಯುವ 8ರಿಂದ 12 ವಾರ, ತಿಂದ ಪ್ರೋಟೀನೆಲ್ಲ ಅದಕ್ಕೇ ಹೋಗುತ್ತದೆ, ಮೊಟ್ಟೆಗೆ ಉಳಿಯುವುದಿಲ್ಲ. ಆ ಸಮಯದಲ್ಲಿ ನಾವು ಶೇ 16ರ ಬದಲು ಶೇ 18-20 ಪ್ರೋಟೀನ್ ಇರುವ ಆಹಾರ ಕೊಡುತ್ತೇವೆ. ಕೋಳಿಗಳನ್ನು ಕೈಯಲ್ಲಿ ಎತ್ತುವುದನ್ನೂ ಆದಷ್ಟು ಕಡಿಮೆ ಮಾಡುತ್ತೇವೆ. ಹೊಸ ಪುಕ್ಕದ ಬುಡದಲ್ಲಿ ರಕ್ತ ಓಡುತ್ತಿರುತ್ತದೆ, ಒತ್ತಿದರೆ ನೋಯುತ್ತದೆ, ಮುರಿದರೆ ರಕ್ತ ಸೋರುತ್ತದೆ.

ಗೂಡಿನಲ್ಲಿ ದೀಪ ಹಾಕಿದರೆ ಮೊಟ್ಟೆ ಸಿಗುತ್ತದಲ್ಲ ಎಂದು ಕೇಳಿದವರಿದ್ದಾರೆ. ಸಿಗುತ್ತದೆ. ದೀಪ ಹಾಕುವವರನ್ನು ನಾವು ತಪ್ಪು ಎನ್ನುವುದಿಲ್ಲ. ಹಾಕುವವರು ಸಂಜೆ ಹಾಕದೆ ಟೈಮರ್ ಇಟ್ಟು ಮುಂಜಾವಕ್ಕೆ ಹಾಕುವುದು ಒಳ್ಳೆಯದು, ಏಕೆಂದರೆ ಸಂಜೆ ದೀಪ ತಟ್ಟನೆ ಆರಿದರೆ ಕೋಳಿಗಳಿಗೆ ಕೂರುವ ಕೋಲು ಕಾಣದೆ ನೆಲದ ಮೇಲೇ ಉಳಿದುಬಿಡುತ್ತವೆ. ನಮ್ಮಲ್ಲಿ ದೀಪ ಹಾಕದಿರುವುದಕ್ಕೆ ಕಾರಣ ಬೇರೆ. ನಮ್ಮ ಹೇಂಟೆಗಳನ್ನು ನಾವು ಹಲವು ವರ್ಷ ಇಟ್ಟುಕೊಳ್ಳುತ್ತೇವೆ, ಪುಕ್ಕ ಬದಲಿಸುವ ಆ ಬಿಡುವು ಅವುಗಳ ಮೈಗೆ ಬೇಕು. ಬಿಡುವು ಮುಗಿಸಿ ಬಂದ ಕೋಳಿಯ ಮೊಟ್ಟೆಯ ಚಿಪ್ಪು ಮತ್ತೆ ಗಟ್ಟಿಯಾಗುತ್ತದೆ. ಶಾಖದ ಬಲ್ಬಂತೂ ನಮ್ಮ ಗೂಡಿನೊಳಗೆ ಇಲ್ಲವೇ ಇಲ್ಲ. ಒಣಹುಲ್ಲು, ಪುಕ್ಕದ ಧೂಳು ತುಂಬಿದ ಜಾಗದಲ್ಲಿ ಬಲ್ಬ್ ಕೊಕ್ಕೆಯಿಂದ ಕಳಚಿ ಬಿದ್ದರೆ ಬೆಂಕಿ ಹತ್ತಲು ಹೆಚ್ಚು ಹೊತ್ತು ಬೇಡ.

ಈ ವರ್ಷ ಬೆಳೆದ ಎಳೆಯ ಹೇಂಟೆಗಳು ಮಾತ್ರ ಮೊದಲ ಚಳಿಗಾಲದಲ್ಲೂ ಬಹುಮಟ್ಟಿಗೆ ಮೊಟ್ಟೆ ಇಡುತ್ತಲೇ ಇರುತ್ತವೆ. ನಿಮ್ಮ ಪಾಲಿಗೆ ಈಗ ಬರುವುದರಲ್ಲಿ ಹೆಚ್ಚಿನವು ಅವುಗಳದ್ದೇ. ಅವು ಚಿಕ್ಕವು, ಒಂದೊಂದು 45 ಗ್ರಾಂ ಸುಮಾರು. ದೊಡ್ಡ ಹೇಂಟೆಯ ಮೊಟ್ಟೆ 60 ಗ್ರಾಂ ತೂಗುತ್ತದೆ. ಎಣಿಸಿ ಕೊಟ್ಟರೆ ಚಿಕ್ಕದು ಸಿಕ್ಕವರಿಗೆ ಮೋಸವಾಗುತ್ತದೆ ಎಂದೇ ತೂಕಕ್ಕೆ ಬಂದಿದ್ದೇವೆ. ಇನ್ನು ಮೇಲೆ ಒಂದು ಪಾಲು ಎಂದರೆ 360 ಗ್ರಾಂ: ದೊಡ್ಡದಾದರೆ 6, ಚಿಕ್ಕದಾದರೆ 8. ಪ್ರತಿ ಮನೆಗೂ ಮೊದಲು ಒಂದೊಂದು ಪಾಲು, ಮಿಕ್ಕಿದ್ದರೆ ಎರಡನೆಯ ಸುತ್ತು. ಒಂದು ಪಾಲಿಗೂ ಸಾಲದ ವಾರ ಬಂದರೆ ಅರ್ಧ ಮನೆಗಳಿಗೆ ಆ ವಾರ, ಉಳಿದರ್ಧಕ್ಕೆ ಮುಂದಿನ ವಾರ. ಪರಿಚಯ, ಹಳೆಯ ಗಿರಾಕಿ ಎಂದು ಸರದಿ ತಪ್ಪಿಸುವುದಿಲ್ಲ.

ಸಮಯ ಮಧ್ಯಾಹ್ನಕ್ಕೆ ಹೋಗಿದ್ದಕ್ಕೂ ಮೊಟ್ಟೆಯೇ ಅರ್ಧ ಕಾರಣ. ಒಂದು ಮೊಟ್ಟೆ ಕಟ್ಟಿ ಹೊರಬರಲು 24ರಿಂದ 26 ಗಂಟೆ ಬೇಕು, ಹೆಚ್ಚಿನ ಕೋಳಿಗಳು ಬೆಳಕು ಮೂಡಿದ ಆರು ಗಂಟೆಯೊಳಗೆ ಇಡುತ್ತವೆ. ಸೂರ್ಯ ತಡವಾಗಿ ಹುಟ್ಟುವ ಕಾಲದಲ್ಲಿ ಮೊಟ್ಟೆಯೂ ತಡ. ಮುಂಜಾನೆ ನಾವು ತಂದುಕೊಡುತ್ತಿದ್ದದ್ದು ಹಿಂದಿನ ದಿನದ್ದು. ಈಗ ಹೆಪ್ಪುಗಟ್ಟಿಸುವ ಚಳಿ ಇರುವುದರಿಂದ ಮೊಟ್ಟೆಯನ್ನು ಗೂಡಿನಲ್ಲಿ ಬಹಳ ಹೊತ್ತು ಬಿಡುವಂತಿಲ್ಲ. ಹೊರಗಿನ ಚಳಿ ಸೊನ್ನೆ ಡಿಗ್ರಿಯಿಂದ ಕೆಳಗಿಳಿದರೆ ಒಳಗಿನ ನೀರಿನಂಶ ಹೆಪ್ಪುಗಟ್ಟಿ ಹಿಗ್ಗುತ್ತದೆ, ಚಿಪ್ಪು ಉದ್ದುದ್ದಕ್ಕೆ ಸೀಳುತ್ತದೆ. ಅದಕ್ಕೇ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಪ್ರತಿ ಎರಡು ಗಂಟೆಗೊಮ್ಮೆ ಗೂಡು ನೋಡುತ್ತೇವೆ. ಸೀಳಿದ್ದು ಒಂದೂ ನಿಮಗೆ ಬರುವುದಿಲ್ಲ.

ಬುಟ್ಟಿ ನಿಮ್ಮ ಬಾಗಿಲ ಹೊರಗೆ ಉಳಿದು ಮೊಟ್ಟೆ ಹೆಪ್ಪುಗಟ್ಟಿದರೆ ಹೀಗೆ ಮಾಡಿ. ಚಿಪ್ಪು ಸೀಳಿದ್ದರೆ ಎಸೆಯಿರಿ, ಆ ಸೀಳಿನಿಂದ ಬ್ಯಾಕ್ಟೀರಿಯಾ ಒಳಹೊಕ್ಕಿರಬಹುದು. ಸೀಳದಿದ್ದರೆ ಫ್ರಿಜ್ಜಿನಲ್ಲಿ ನಿಧಾನವಾಗಿ ಕರಗಲು ಬಿಡಿ. ಹಳದಿ ಸ್ವಲ್ಪ ಗಟ್ಟಿಯಾಗಿ ಉಳಿಯುತ್ತದೆ, ಚೆನ್ನಾಗಿ ಬೇಯಿಸುವ ಅಡುಗೆಗೆ ಬಳಸಬಹುದು. ಕೆಸರಿನ ಕಾಲದಲ್ಲಿ ಕೆಲವು ಮೊಟ್ಟೆ ಕೊಳೆಯಾಗಿ ಬರುತ್ತವೆ. ಒಣ ಬಟ್ಟೆಯಿಂದ ಒರೆಸಿದರೆ ಸಾಕು. ತೊಳೆಯಲೇಬೇಕಿದ್ದರೆ ಬಳಸುವ ಹೊತ್ತಿಗೆ, ಮೊಟ್ಟೆಗಿಂತ ಬೆಚ್ಚಗಿರುವ ನೀರಿನಲ್ಲಿ ತೊಳೆಯಿರಿ. ತಣ್ಣೀರು ತಾಗಿದರೆ ಒಳಗಿನದು ಕುಗ್ಗಿ, ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ಕೊಳೆನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ.

ಆಡಿನ ಹಾಲಿನ ಲೆಕ್ಕ ಇದಕ್ಕಿಂತ ಸರಳ. ನಾವು ಸಾಕಿರುವಂಥ ತಂಪು ಸೀಮೆಯ ಆಡುಗಳು ಹಗಲು ಕಿರಿದಾಗತೊಡಗಿದಾಗ ಬೆದೆಗೆ ಬರುತ್ತವೆ. ಗಬ್ಬದ ಅವಧಿ 150 ದಿನ. ಹೀಗಾಗಿ ಮರಿ ಹುಟ್ಟುವುದು ಎಳೆಹುಲ್ಲು ಚಿಗುರುವ ಹೊತ್ತಿಗೆ. ಈಯುವ 60 ದಿನ ಮೊದಲು ಹಾಲು ಬತ್ತಿಸಬೇಕು. ಕೊನೆಯ ಆ ಎರಡು ತಿಂಗಳಲ್ಲೇ ಮರಿಯ ಬೆಳವಣಿಗೆ ಬಹುಪಾಲು ಆಗುವುದು. ಆಗಲೂ ಹಾಲು ಕರೆದರೆ ತಾಯಿ ತನ್ನ ಮೈಯಲ್ಲಿದ್ದುದನ್ನೇ ಕರಗಿಸಿಕೊಳ್ಳುತ್ತದೆ, ಗಿಣ್ಣೂ ಸತ್ವವಿಲ್ಲದ್ದಾಗುತ್ತದೆ. ಬತ್ತಿಸುವಾಗ ಕಾಳು, ಹಿಂಡಿ ಕಡಿಮೆ ಮಾಡಿ ಒಣಹುಲ್ಲಿಗೆ ಇಳಿಸುತ್ತೇವೆ, ಕರೆಯುವುದನ್ನು ನಿಲ್ಲಿಸುತ್ತೇವೆ, ಮುಂದಿನ ಎರಡು ವಾರ ದಿನವೂ ಕೆಚ್ಚಲು ಮುಟ್ಟಿ ನೋಡುತ್ತೇವೆ. ಕೆಚ್ಚಲ ಒಂದು ಬದಿ ಮಾತ್ರ ಬಿಸಿಯಾಗಿ ಗಟ್ಟಿಯಾದರೆ ಅದು ಕೆಚ್ಚಲು ಬಾವು, ಅದೇ ದಿನ ಪಶುವೈದ್ಯರನ್ನು ಕರೆಸಬೇಕು.

ಮರಿ ಹಾಕಿದ ಮೇಲೂ ಹಾಲು ತಕ್ಷಣ ನಿಮಗೆ ಬರುವುದಿಲ್ಲ. ಗಿಣ್ಣು ಪೂರ್ತಿ ಮರಿಗಳ ಪಾಲು. 3 ಕಿಲೋ ತೂಗುವ ಮರಿಗೆ ಮೊದಲ 24 ಗಂಟೆಯಲ್ಲಿ ಸುಮಾರು 300 ಮಿಲಿಲೀಟರ್ ಗಿಣ್ಣು ಹೋಗಲೇಬೇಕು, ಅದರಲ್ಲೂ ಮೊದಲ ಗುಟುಕು ಹುಟ್ಟಿದ ಒಂದೆರಡು ಗಂಟೆಯೊಳಗೆ. ರೋಗ ತಡೆಯುವ ಪ್ರತಿಕಾಯಗಳನ್ನು ಮರಿಯ ಕರುಳು ಹೀರಿಕೊಳ್ಳುವುದು ಮೊದಲ ದಿನ ಮಾತ್ರ. ಚಳಿಗೆ ಮರಗಟ್ಟಿದ ಮರಿಗೆ ಗಾಬರಿಯಲ್ಲಿ ಹಾಲು ಸುರಿಯಬಾರದು. ಬಾಯೊಳಗೆ ಬೆರಳಿಟ್ಟಾಗ ತಣ್ಣಗಿದ್ದರೆ, ಥರ್ಮಾಮೀಟರಿನಲ್ಲಿ 37 ಡಿಗ್ರಿಗಿಂತ ಕೆಳಗಿದ್ದರೆ, ಮೊದಲು ಮೈ ಒರೆಸಿ ಬೆಚ್ಚಗೆ ಮಾಡಬೇಕು, ತಲೆ ಎತ್ತಿ ಚೀಪುವ ಶಕ್ತಿ ಬಂದ ಮೇಲೆ ಕುಡಿಸಬೇಕು. ಇಲ್ಲದಿದ್ದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಆ ವಾರಗಳಲ್ಲಿ ಮರಿ ನೋಡಲು ಬರುವುದನ್ನು ದಯವಿಟ್ಟು ಮುಂದಕ್ಕೆ ಹಾಕಿ. ಮರಿಗಳು ಹುಲ್ಲು ಕಡಿಯಲು ಕಲಿತ ಮೇಲೆ ನಾವೇ ತಿಳಿಸುತ್ತೇವೆ, ಮಕ್ಕಳನ್ನೂ ಕರೆತನ್ನಿ.

ಹಸುಗಳನ್ನು ಒಂದೇ ಕಾಲಕ್ಕೆ ಈಯದಂತೆ ನೋಡಿಕೊಂಡಿರುವುದರಿಂದ ಹಾಲು ಪೂರ್ತಿ ನಿಲ್ಲುವ ಪ್ರಮೇಯವಿಲ್ಲ. ಪ್ರಮಾಣ ಮಾತ್ರ ಇಳಿಯಬಹುದು. ಹಾಲಿನಲ್ಲಿ ಶೇ 87ರಷ್ಟು ನೀರು. ಒಂದು ಲೀಟರ್ ಹಾಲು ಕೊಡಲು ಹಸು 3ರಿಂದ 5 ಲೀಟರ್ ನೀರು ಕುಡಿಯಬೇಕು. ಬಾನಿಯ ನೀರು ಮಂಜುಗಡ್ಡೆಯಾದರೆ, ಅಥವಾ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದ್ದರೆ, ಅದು ಕಡಿಮೆ ಕುಡಿಯುತ್ತದೆ. ನೀರು ಕಡಿಮೆಯಾದರೆ ಮೇವು ಕಡಿಮೆ ತಿನ್ನುತ್ತದೆ. ಸಂಜೆಯ ಹಾಲಿನಲ್ಲೇ ಅದು ಗೊತ್ತಾಗುತ್ತದೆ. ಆದ್ದರಿಂದ ಬೆಳಗಿನ ಮೊದಲ ಕೆಲಸ ನೀರು. ರಬ್ಬರ್ ಬಾನಿಗಳಾದರೆ ಬೋರಲು ಹಾಕಿ ತುಳಿದರೆ ಗಡ್ಡೆ ಕಳಚಿ ಬೀಳುತ್ತದೆ, ಪ್ಲಾಸ್ಟಿಕ್ಕಿನವು ಸೀಳುತ್ತವೆ. ಆಮೇಲೆ ಬೆಚ್ಚನೆಯ ನೀರು ತುಂಬಬೇಕು, ನಡುಹಗಲಿಗೂ ಸಂಜೆಗೂ ಮತ್ತೆ ನೋಡಬೇಕು. ಸಮಯ ಮಧ್ಯಾಹ್ನಕ್ಕೆ ಹೋಗಲು ಉಳಿದರ್ಧ ಕಾರಣ ಇದು. ನೀರು ಕುಡಿಸದೆ ಹಾಲು ಹೊತ್ತು ಹೊರಡಲು ನಮಗೆ ಮನಸ್ಸಿಲ್ಲ.

ಹಸು ಚಳಿಯನ್ನು ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ತಡೆಯುತ್ತದೆ. ತಡೆಯಲಾಗದ್ದು ನೆನೆದ ಮೈ. ದಟ್ಟ ರೋಮ ಬೆಳೆದು ಮೈ ಒಣಗಿದ್ದರೆ ಸೊನ್ನೆಗಿಂತ 7-8 ಡಿಗ್ರಿ ಕೆಳಗೂ ಅದಕ್ಕೆ ಹೆಚ್ಚುವರಿ ಮೇವು ಬೇಡ. ಅದೇ ರೋಮ ತೊಯ್ದರೆ 15 ಡಿಗ್ರಿಯಲ್ಲೇ ಮೈ ಬಿಸಿ ಉಳಿಸಿಕೊಳ್ಳಲು ಶಕ್ತಿ ಸುಡತೊಡಗುತ್ತದೆ. ಮಳೆ, ಕರಗುವ ಹಿಮದ ದಿನ ಅವನ್ನು ಒಳಗೇ ಕಟ್ಟುತ್ತೇವೆ, ಒಣ ಚಳಿಯ ಬಿಸಿಲಿಗೆ ಹೊರಗೆ ಬಿಡುತ್ತೇವೆ. ಚಳಿ ಹೆಚ್ಚಿದಾಗ ಕೊಡಬೇಕಾದ್ದು ಕಾಳಿಗಿಂತ ಉದ್ದನೆಯ ಒಣಹುಲ್ಲು, ಏಕೆಂದರೆ ನಾರು ಹೊಟ್ಟೆಯಲ್ಲಿ ಹುದುಗುವಾಗ ಹುಟ್ಟುವ ಶಾಖವೇ ಒಳಗಿನಿಂದ ಮೈ ಬೆಚ್ಚಗಿಡುತ್ತದೆ. 500 ಕಿಲೋ ತೂಗುವ ಹಸುವಿಗೆ ದಿನಕ್ಕೆ 10ರಿಂದ 12 ಕಿಲೋ, ಅದರಲ್ಲಿ ದೊಡ್ಡ ಪಾಲು ಸಂಜೆಗೆ. ಕರೆದ ಮೇಲೆ ಮೊಲೆತೊಟ್ಟನ್ನು ಔಷಧಿಯಲ್ಲಿ ಅದ್ದಿ ಅರ್ಧ ನಿಮಿಷ ಬಿಟ್ಟು ಒರೆಸಿಯೇ ಹೊರಗೆ ಬಿಡುವುದು. ಒದ್ದೆ ತೊಟ್ಟು ಗಾಳಿಗೆ ಒಡೆಯುತ್ತದೆ.

ಹಾಲು ಬಿಳುಪೇರಿದರೆ ನೀರು ಬೆರೆಸಿದ್ದಾರೆ ಎಂದುಕೊಳ್ಳಬೇಡಿ. ಹಾಲಿನ ಕೆನೆಗೂ ಮೊಟ್ಟೆಯ ಹಳದಿಗೂ ಬಣ್ಣ ಕೊಡುವುದು ಹಸಿ ಹುಲ್ಲಿನ ಕ್ಯಾರೊಟಿನ್ ಮತ್ತು ಅದರ ಸೋದರ ಬಣ್ಣಗಳು. ಹುಲ್ಲು ಬಿಸಿಲಲ್ಲಿ ಒಣಗುವಾಗ ಅದರಲ್ಲಿ ಬಹಳಷ್ಟು ಹೋಗಿಬಿಡುತ್ತದೆ. ಕೊಬ್ಬಿನಂಶ ಚಳಿಗಾಲದಲ್ಲಿ ಸಾಮಾನ್ಯವಾಗಿ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಬೆಣ್ಣೆ ಮೊದಲಿಗಿಂತ ಗಡುಸಾಗಿರುತ್ತದೆ. ಮನೆಯಲ್ಲಿ ಕಡೆಯುವವರು ಕೆನೆಯನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಕಡೆಯಬೇಡಿ, 15 ಡಿಗ್ರಿಯ ಆಸುಪಾಸಿಗೆ ಬರಲು ಬಿಡಿ.

ಗಾಜಿನ ಬಾಟಲಿಯನ್ನು ಇನ್ನು ಕತ್ತಿನವರೆಗೆ ತುಂಬುವುದಿಲ್ಲ, ಹಾಲು ಹೆಪ್ಪುಗಟ್ಟಿದರೆ ಹಿಗ್ಗಲು ಜಾಗ ಬೇಕು. ಅಳತೆ ಕಡಿಮೆಯಾಗದಂತೆ ದೊಡ್ಡ ಬಾಟಲಿ ಬಳಸುತ್ತೇವೆ. ಹೆಪ್ಪುಗಟ್ಟಿದ ಬಾಟಲಿಗೆ ಬಿಸಿನೀರು ಸುರಿಯಬೇಡಿ, ಗಾಜು ಒಡೆಯುತ್ತದೆ. ಸಾಧ್ಯವಾದವರು ಬಾಗಿಲ ಬಳಿ ಮುಚ್ಚಳವಿರುವ ಥರ್ಮೊಕೋಲ್ ಪೆಟ್ಟಿಗೆ ಇಡಿ.

ಕೋಳಿಗೂಡಿನ ಮೇಲಿನ ಕಿಂಡಿಗಳು ಚಳಿಯಲ್ಲೂ ತೆರೆದಿರುವುದನ್ನು ನೋಡಿ ಮರುಗಿದವರಿಗೂ ಒಂದು ಮಾತು. ಕೋಳಿಯ ಮೈ 41 ಡಿಗ್ರಿ ಸುಮಾರು ಬಿಸಿ ಇರುತ್ತದೆ, ಪುಕ್ಕದ ಹೊದಿಕೆ ಸಾಕಾಗುತ್ತದೆ. ಗೂಡನ್ನು ಬಿಗಿಯಾಗಿ ಮುಚ್ಚಿದರೆ ಉಸಿರಿನ, ಹಿಕ್ಕೆಯ ತೇವ ಒಳಗೇ ನಿಂತು ಜುಟ್ಟಿನ ಮೇಲೆ ಕೂರುತ್ತದೆ. ಜುಟ್ಟು ಹೆಪ್ಪುಗಟ್ಟಿ ಕಪ್ಪಾಗುವುದು ಹೆಚ್ಚಾಗಿ ಇಂಥ ತೇವದ ಗೂಡಿನಲ್ಲೇ. ಹಿಕ್ಕೆಯಿಂದ ಏಳುವ ಅಮೋನಿಯಾ 25 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 25 ಪಾಲು) ದಾಟಿದರೆ ಅವುಗಳ ಕಣ್ಣಿಗೂ ಶ್ವಾಸನಾಳಕ್ಕೂ ಹಾನಿ. ಗಾಳಿ ಕೋಳಿ ಕೂರುವ ಎತ್ತರಕ್ಕಿಂತ ಮೇಲೆ ಆಡುತ್ತದೆ, ಮೈಗೆ ಬಡಿಯುವುದಿಲ್ಲ. ಕೆಳಗೆ 15 ಸೆಂಟಿಮೀಟರ್ ದಪ್ಪ ಒಣ ಹಾಸು ಇದೆ. ಕೂರುವ ಕೋಲು ಅಗಲವಾಗಿ ಚಪ್ಪಟೆಯಾಗಿದೆ, ಕಾಲ್ಬೆರಳು ಪೂರ್ತಿ ಪುಕ್ಕದಡಿ ಅಡಗುತ್ತವೆ.

ಆಡುಗಳಿಗೆಂದು ಬೇಲಿ ಸವರಿದ ಸೊಪ್ಪನ್ನು ಪ್ರೀತಿಯಿಂದ ತಂದು ಹಾಕುವವರಿದ್ದೀರಿ. ದಯವಿಟ್ಟು ನಮ್ಮನ್ನು ಕೇಳದೆ ಹಾಕಬೇಡಿ. ಕಣಗಿಲೆ, ಅಜೇಲಿಯಾ, ರೋಡೊಡೆಂಡ್ರಾನ್, ಯೂ ಗಿಡದ ಸೊಪ್ಪು ಸ್ವಲ್ಪ ತಿಂದರೂ ಆಡು ಸಾಯಬಹುದು. ಹಸಿ ಮೇವು ಕಾಣದ ಕಾಲದಲ್ಲಿ ಅವು ಆರಿಸದೆ ತಿನ್ನುತ್ತವೆ. ಖಾಲಿ ಮೊಟ್ಟೆ ಟ್ರೇ, ತೊಳೆದು ಒಣಗಿಸಿದ ಬಾಟಲಿ ಕೊಟ್ಟರೆ ಅದೇ ನಮಗೆ ದೊಡ್ಡ ಸಹಾಯ.

ಹಗಲು ಮತ್ತೆ 12 ಗಂಟೆ ದಾಟಿದ ಮೇಲೆ ಮೊಟ್ಟೆ ಬೇಗ ಏರುತ್ತದೆ. ಡಜನ್ ಲೆಕ್ಕಕ್ಕೆ ಮರಳುವ ವಾರವನ್ನು ಮುಂಚೆಯೇ ಬುಟ್ಟಿಯ ಚೀಟಿಯಲ್ಲಿ ಬರೆಯುತ್ತೇವೆ. ಆಡಿನ ಹಾಲು ಅದರ ನಂತರ, ಮರಿಗಳ ಹೊಟ್ಟೆ ತುಂಬಿ ಮಿಕ್ಕಿದಾಗ. ಅಲ್ಲಿಯವರೆಗೆ ಮೊಟ್ಟೆಯ ಪಾಲು ಬೇಡ ಎನ್ನುವವರು, ಅಥವಾ ಆಡಿನ ಹಾಲಿನ ಬದಲು ಹಸುವಿನ ಹಾಲು ಬೇಕೆನ್ನುವವರು ಈ ವಾರದ ಬುಟ್ಟಿಯೊಂದಿಗೆ ಬಂದ ಚೀಟಿಯಲ್ಲಿ ಗುರುತು ಹಾಕಿ ಖಾಲಿ ಬಾಟಲಿಗಳ ಜೊತೆ ಕೊಡಿ. ಮಧ್ಯಾಹ್ನ ಮನೆಯಲ್ಲಿ ಯಾರೂ ಇರುವುದಿಲ್ಲವಾದರೆ ಯಾವ ನೆರೆಮನೆಯಲ್ಲಿ ಕೊಡಬೇಕೆಂದು ಅದರಲ್ಲೇ ಬರೆಯಿರಿ.

ಇಂತಿ ನಿಮ್ಮ ವಿಶ್ವಾಸಿಗಳು,
ಫಾರಂನ ಮನೆಮಂದಿ