ನಾನು ಮನೆಯಲ್ಲ ಸ್ವಾಮಿ

ಮಾನ್ಯ ಸಂಪಾದಕರೇ,

ಮೊನ್ನೆಯ ನಿಮ್ಮ ವರದಿಯಲ್ಲಿ ನಮ್ಮೂರ ಸರ್ಕಾರಿ ಕಚೇರಿಯ ಅಧಿಕಾರಿಗಳು ಹೇಳಿದ್ದನ್ನು ಓದಿದೆ. ಅರ್ಜಿಗಳು ತಡವಾಗುವುದು ಸಿಬ್ಬಂದಿಯಿಂದ ಅಲ್ಲವಂತೆ, ಜನ ಫಾರಂ ಸರಿಯಾಗಿ ತುಂಬುವುದಿಲ್ಲವಂತೆ. ಆ ಜನರಲ್ಲಿ ನಾನೂ ಒಬ್ಬ. ನಿನ್ನೆ ಮೂರನೇ ಸಲ ವಾಪಸ್ ಬಂದ ಫಾರಂ ಇಲ್ಲೇ ನನ್ನ ಮುಂದೆ ಬಿದ್ದಿದೆ. ಸಿಟ್ಟು ಇನ್ನೂ ಆರಿಲ್ಲ, ಆರುವ ಮೊದಲೇ ಬರೆದುಬಿಡುತ್ತೇನೆ.

ಅವರಿಗೆ ಬೇಕಾಗಿದ್ದು ನಾನು ಎಲ್ಲಿ ವಾಸ ಮಾಡುತ್ತೇನೆ ಅನ್ನುವುದು, ಅಷ್ಟೇ. ಅದನ್ನು ಕೇಳಲು ಫಾರಂನಲ್ಲಿ ‘ರೆಸಿಡೆನ್ಸ್’ ಎಂದು ಹಾಕಿದ್ದಾರೆ. ರೆಸಿಡೆನ್ಸ್ ಅಂದರೆ ಮನೆ ಅನ್ನುವಷ್ಟು ನನಗೂ ಗೊತ್ತಿತ್ತು. ಹಾಗಾಗಿ ಧೈರ್ಯವಾಗಿ ‘ಓನ್ ಹೌಸ್’ ಎಂದು ಬರೆದೆ. ಸ್ವಂತ ಮನೆ ಇರುವುದು ನಿಜ ತಾನೇ? ಮುಕ್ಕಾಲು ಗಂಟೆ ಕ್ಯೂ ನಿಂತು ಒಳಗೆ ಕೊಟ್ಟರೆ, ಕೌಂಟರಿನವರು ತಲೆ ಎತ್ತದೆ ಅದರ ಸುತ್ತ ಕೆಂಪು ಶಾಯಿಯಲ್ಲಿ ಒಂದು ಸೊನ್ನೆ ಸುತ್ತಿ ವಾಪಸ್ ತಳ್ಳಿದರು. ‘ಏನು ತಪ್ಪು ಸಾರ್?’ ಅಂದೆ. ‘ರೆಸಿಡೆನ್ಸ್ ಕೇಳಿದ್ರೆ ಹೌಸ್ ಅಂತ ಬರೀತೀರಲ್ರೀ, ನೆಕ್ಸ್ಟ್!’ ಅಂದರು. ವಿಳಾಸ ಬರೆಯಿರಿ ಅನ್ನಲು ಎಷ್ಟು ಉಸಿರು ಬೇಕು? ಬೈಯಲು ಅದಕ್ಕಿಂತ ಜಾಸ್ತಿಯೇ ಖರ್ಚಾಯಿತು.

ಎರಡನೇ ಸಲದ್ದು ನಿಜವಾಗಿ ನನ್ನದೇ ತಪ್ಪು, ಒಪ್ಪುತ್ತೇನೆ. ಕೆಳಗಡೆ ಘೋಷಣೆಯ ಸಾಲಿನಲ್ಲಿ ‘ಐ ಆಮ್ ಎ’ ಎಂದು ಹಾಕಿ ಜಾಗ ಬಿಟ್ಟಿದ್ದರು. ಹೊಸದಾಗಿ ಕಲಿತ ಪದ ಕೈಯಲ್ಲಿತ್ತು, ಅಲ್ಲೂ ರೆಸಿಡೆನ್ಸ್ ಎಂದೇ ತುಂಬಿದೆ. ಕೌಂಟರಿನವರು ಈ ಸಲ ತಲೆ ಎತ್ತಿದರು. ಪಕ್ಕದ ಮೇಜಿನವರಿಗೆ ಜೋರಾಗಿ ಓದಿ ಹೇಳಿದರು. ಇಬ್ಬರೂ ನಕ್ಕರು. ಕ್ಯೂನಲ್ಲಿ ನನ್ನ ಹಿಂದೆ ಇದ್ದವರೂ ನಕ್ಕರು. ಪಾಪ, ಅವರ ಫಾರಂನಲ್ಲೂ ಅದೇ ಇತ್ತು ಅನ್ನುವುದು ನನಗೆ ಕಾಣುತ್ತಿತ್ತು.

ರಾತ್ರಿ ಮಗಳು ಬಿಡಿಸಿ ಹೇಳಿದಳು. ‘ಅಪ್ಪಾ, ರೆಸಿಡೆನ್ಸ್ ಅಂದ್ರೆ ನಿವಾಸ. ರೆಸಿಡೆಂಟ್ ಅಂದ್ರೆ ನಿವಾಸಿ. ನೀನು ನಾನೇ ಮನೆ ಅಂತ ಬರೆದು ಕೊಟ್ಟಿದ್ದೀಯ.’ ನಮ್ಮ ಕನ್ನಡದಲ್ಲಾದರೆ ‘ನಿವಾಸ’ದ ಸಕ್ಕೆ ಒಂದು ಗುಡಿಸು ಹಾಕಿದರೆ ಸಾಕು, ಮನೆ ಹೋಗಿ ಮನುಷ್ಯ ಬರುತ್ತಾನೆ. ಕಿವಿಗೂ ಬೇರೆ ಕೇಳುತ್ತದೆ, ಕಣ್ಣಿಗೂ ಬೇರೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಹಾಗಿಲ್ಲ. ಒಬ್ಬನಿಗಿಂತ ಹೆಚ್ಚು ಮಂದಿ ಸೇರಿದರೆ ‘ರೆಸಿಡೆಂಟ್ಸ್’. ಬಾಯಲ್ಲಿ ಹೇಳುವಾಗ ಅದಕ್ಕೂ ‘ರೆಸಿಡೆನ್ಸ್’ಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ಇನ್ನು ‘ವಾಸ ಮಾಡು’ ಅನ್ನಬೇಕಾದರೆ ‘ರಿಸೈಡ್’ ಅಂತೆ. ಮೊದಲಿನ ರೆ ಹೋಗಿ ರಿ ಆಯಿತು, ಮಧ್ಯದ ಸಿ ಹೋಗಿ ಸೈ ಆಯಿತು. ಊರಿನ ಹೆಸರಿಗೆ ಮೊದಲು ‘ಇನ್’, ಮನೆ ನಂಬರಿಗೆ ಮೊದಲು ‘ಆಟ್’. ವಾಪಸ್ ಬಂದ ಫಾರಂನ ಬೆನ್ನ ಮೇಲೆ ಕಾಪಿ ಬರೆದ ಹಾಗೆ ಹತ್ತು ಸಲ ಬರೆದೆ. ಆಮೇಲೆ ಅವಳೇ ಹೇಳಿದಳು, ‘ಆದ್ರೆ ಮಾತಾಡೋವಾಗ ಯಾರೂ ಹೀಗೆ ಅನ್ನಲ್ಲ, ಸುಮ್ನೆ ಲಿವ್ ಅಂತಾರೆ. ಸ್ನೇಹಿತರನ್ನ ವೇರ್ ಡು ಯು ರಿಸೈಡ್ ಅಂತ ಕೇಳಿದ್ರೆ ಪೊಲೀಸ್ ವಿಚಾರಣೆ ಅಂದ್ಕೋತಾರೆ.’ ಹಾಗಾದರೆ ಈ ಪದ ಇರುವುದು ಫಾರಂಗೋಸ್ಕರ ಮಾತ್ರ. ಫಾರಂ ಇರುವುದು ವಾಪಸ್ ಕೊಡುವುದಕ್ಕೋಸ್ಕರ.

ಅವಳ ನಿಘಂಟಿನಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ಈ ರಿಸೈಡ್ ಲ್ಯಾಟಿನ್ನಿಂದ ಬಂದದ್ದು, ಮೂಲದಲ್ಲಿ ‘ಹಿಂದಕ್ಕೆ ಕೂತುಕೊಳ್ಳುವುದು’ ಎಂಬ ಅರ್ಥವಂತೆ. ಓದಿದ ಕೂಡಲೇ ನನಗೆ ಕೌಂಟರಿನ ಕುರ್ಚಿ ಕಣ್ಣ ಮುಂದೆ ಬಂತು. ಬೆನ್ನು ಒರಗಿಸಿ ಕೂತವರು ಅವರು, ನಿಂತವರು ನಾವು. ಪದದ ಅರ್ಥ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುವುದರಲ್ಲಿ ಆಶ್ಚರ್ಯವಿಲ್ಲ ಬಿಡಿ.

ಮೂರನೇ ಸಲ ‘ಡೊಮಿಸೈಲ್’. ಅದಕ್ಕೆ ‘ಮೇಲಿನಂತೆ’ ಎಂದು ಬರೆದಿದ್ದೆ. ಅದೂ ಇದೂ ಒಂದೇ ಅಲ್ಲವಂತೆ. ರೆಸಿಡೆನ್ಸ್ ಎಷ್ಟು ಬೇಕಾದರೂ ಇರಬಹುದು, ಡೊಮಿಸೈಲ್ ಅಂದರೆ ಕಾನೂನಿನ ಪ್ರಕಾರ ನಮ್ಮ ಕಾಯಂ ನೆಲೆ, ಅದು ಒಂದು ಸಲಕ್ಕೆ ಒಂದೇ. ಇದನ್ನು ಕೌಂಟರಿನವರು ಹೇಳಲಿಲ್ಲ. ಹೊರಗಡೆ ಕೂತು ಫಾರಂ ತುಂಬಿಕೊಡುವ ಹುಡುಗ ಹೇಳಿದ. ಒಳಗಿನ ಸಂಬಳ ಅವನಿಗೆ ಕೊಡಬೇಕು.

ಕೆಳಗಿನವರ ಹತ್ತಿರ ಏಕೆ ಎಂದು ಸಾಹೇಬರನ್ನೇ ಕಾಣೋಣ ಅಂತ ಹೋದರೆ, ಮಧ್ಯಾಹ್ನ ಮೂರು ಗಂಟೆಗೆ ‘ಸಾಹೇಬ್ರು ರೆಸಿಡೆನ್ಸ್‌ಗೆ ಹೋಗಿದಾರೆ’ ಎಂಬ ಉತ್ತರ. ನೋಡಿ, ಅವರಾದರೆ ರೆಸಿಡೆನ್ಸ್‌ಗೆ ಹೋಗುತ್ತಾರೆ, ನಾವು ಮನೆಗೆ ಹೋಗುತ್ತೇವೆ. ಹಿಂದೆಲ್ಲ ದೊಡ್ಡವರ ವಿಸಿಟಿಂಗ್ ಕಾರ್ಡಿನಲ್ಲಿ ಫೋನ್ ನಂಬರಿನ ಪಕ್ಕ ಒಂದು ‘ಓ’, ಇನ್ನೊಂದು ‘ಆರ್’ ಇರುತ್ತಿತ್ತು. ಒಂದು ಆಫೀಸು, ಒಂದು ರೆಸಿಡೆನ್ಸು. ಈ ಸಾಹೇಬರಿಗೆ ‘ಆರ್’ ಒಂದೇ ಸಾಕು.

ಈ ಕಚೇರಿಯ ಕಥೆ ಇವತ್ತಿನದಲ್ಲ. ವಿಚಾರಣೆ ಎಂದು ಬೋರ್ಡು ಹಾಕಿದ ಕುರ್ಚಿಯ ಮೇಲೆ ಯಾವಾಗಲೂ ಒಂದು ಸ್ವೆಟರ್ ಕೂತಿರುತ್ತದೆ, ಮನುಷ್ಯರನ್ನು ನಾನಂತೂ ಕಂಡಿಲ್ಲ. ದಾರ ಕಟ್ಟಿದ ಪೆನ್ನು ಇದೆ. ದಾರ ಎಷ್ಟು ಗಿಡ್ಡ ಅಂದರೆ ಪೆನ್ನು ಫಾರಂ ಹತ್ತಿರ ಬರುವುದಿಲ್ಲ, ಫಾರಂ ಹಿಡಿದು ನಾವೇ ಬಗ್ಗಿ ಪೆನ್ನಿನ ಹತ್ತಿರ ಹೋಗಬೇಕು. ಫ್ಯಾನು ಅವರ ಕಡೆ ಮಾತ್ರ ತಿರುಗುತ್ತದೆ. ಮೂರು ವರ್ಷದ ಹಿಂದೆ ನನ್ನ ಅಪ್ಪನ ಹೆಸರನ್ನು ಇವರೇ ತಪ್ಪು ಬರೆದು, ತಿದ್ದುಪಡಿಗೆ ನನ್ನಿಂದಲೇ ಅರ್ಜಿ ಬರೆಸಿಕೊಂಡರು. ಅವತ್ತು ಅವರ ತಪ್ಪಿನ ಸುತ್ತ ಕೆಂಪು ಸೊನ್ನೆ ಸುತ್ತಿದವರು ಯಾರೂ ಇಲ್ಲ.

ಆದ್ದರಿಂದ ಸಂಬಂಧಪಟ್ಟವರು ‘ರೆಸಿಡೆನ್ಸ್’ ಪಕ್ಕದಲ್ಲಿ ವಾಸದ ವಿಳಾಸ ಎಂದು ಕನ್ನಡದಲ್ಲಿ ಅಚ್ಚು ಹಾಕಿಸಬೇಕು. ಅದಾಗದಿದ್ದರೆ ತುಂಬಿದ ಮಾದರಿ ಫಾರಂ ಒಂದನ್ನು ಗೋಡೆಗೆ ಅಂಟಿಸಬೇಕು. ಅದೂ ಆಗದಿದ್ದರೆ ಕೌಂಟರಿನವರಿಗೆ ಮಾತಾಡುವುದನ್ನು ಕಲಿಸಬೇಕು. ಆ ಪೆನ್ನಿನ ದಾರವನ್ನಾದರೂ ಉದ್ದ ಮಾಡಬೇಕು. ಏನಾದರೂ ಒಂದು ಮಾಡಬೇಕು ಸ್ವಾಮಿ, ಸುಮ್ನೆ ಪೇಪರಿನವರ ಮುಂದೆ ನಮ್ಮನ್ನು ದಡ್ಡರು ಅಂದುಕೊಂಡು ಕೂತರೆ ಹೇಗೆ?

ಪತ್ರದ ಜೊತೆ ಹೆಸರು, ಪೂರ್ಣ ವಿಳಾಸ ಇರಲೇಬೇಕು ಎಂದು ನೀವೂ ಹಾಕಿದ್ದೀರಿ. ಲಕೋಟೆಯ ಹಿಂದೆ ಬರೆದಿದ್ದೇನೆ. ಕನ್ನಡದಲ್ಲಿದೆ, ದಯವಿಟ್ಟು ವಾಪಸ್ ಕಳಿಸಬೇಡಿ.

ಇಂತಿ,
ಒಬ್ಬ ನಿವಾಸಿ