ಕೊಲೊರಾಡೋದ ಟ್ರಕ್ ತಾತನಿಗೆ ಒಂದು ಥ್ಯಾಂಕ್ಸ್

ಹೆಸರು ಕೇಳೋದೇ ಮರೆತುಬಿಟ್ಟೆ ತಾತ, ಅದಕ್ಕೇ ಇಲ್ಲಿ ಬರೀತಿದೀನಿ, ನಿಮಗೆ ಕನ್ನಡ ಬರಲ್ಲ ಅಂತ ಗೊತ್ತಿದ್ರೂನೂ. ನಮ್ಮೆಜಮಾನ್ರು ಕೈ ಉಳುಕಿಸ್ಕೊಂಡು ಕೂತಿದ್ರು, ಸಣ್ಣ ಕಾರು ಬಿಟ್ರೆ ಬೇರೇನೂ ಓಡಿಸದ ನನ್ನ ಕೈಗೆ ಎಫ್-350 ಟ್ರಕ್ಕು, ಹಿಂದೆ 32 ಅಡಿ ಟ್ರೈಲರ್ ಮನೆ, ಡೆನ್ವರ್ ಹತ್ರ ಕ್ಯಾಂಪಲ್ಲಿ ರಿವರ್ಸ್ ಹಾಕಕ್ಕೆ ಹೋಗಿ ಕರೆಂಟ್ ಕಂಬಕ್ಕೆ ಇನ್ನೊಂದು ಗೇಣಿರ್ಬೇಕಾದ್ರೆ ನೀವು ಕಾಫಿ ಕಪ್ ಹಿಡ್ಕೊಂಡೇ ಓಡಿ ಬಂದ್ರಿ. ಸ್ಟೇರಿಂಗ್‌ನ ಕೆಳಗಡೆ ಹಿಡ್ಕೋ, ಟ್ರೈಲರ್ ಬಾಲ ಯಾವ ಕಡೆ ಹೋಗ್ಬೇಕೋ ಕೈನೂ ಆ ಕಡೆಗೇ ತಿರುಗ್ಸು ಅಂದ್ರಲ್ಲ, ಅಷ್ಟೇ, ಯಜಮಾನ್ರು ಕಿರುಚಾಡಿ ಹೇಳಿದ್ದು ತಲೆಗೇ ಹೋಗಿರ್ಲಿಲ್ಲ. (ಅವರೂ ಇದನ್ನ ಓದ್ತಾರೆ, ಓದ್ಲಿ.)

ಇಳಿಜಾರಲ್ಲಿ ಬ್ರೇಕ್ ಮೇಲೇ ಕಾಲಿಟ್ಕೊಂಡಿದ್ರೆ ಕಾದು ಹಿಡಿಯಲ್ಲ, ಮೊದ್ಲೇ ಗೇರ್ ಇಳಿಸು, ಇಂಜಿನ್ನೇ ತಡೀಲಿ ಅಂದ್ರಿ. ಮಾರನೇ ದಿನ ಐ-70 ಹೈವೇಲಿ 11,000 ಅಡಿಗಿಂತ ಎತ್ತರದಲ್ಲಿರೋ ಐಸೆನ್‌ಹೋವರ್ ಸುರಂಗ ದಾಟಿ ಸಿಲ್ವರ್‌ಥಾರ್ನ್ ಊರಿನ ಕಡೆ ಇಳೀಬೇಕಾದ್ರೆ, ಬ್ರೇಕ್ ಫೇಲಾದ ಲಾರಿಗಳು ನುಗ್ಗಕ್ಕೆ ಅಂತ ಮಾಡಿರೋ ದಾರಿ ಕಂಡು ಎದೆ ಝಲ್ ಅಂತು, ಆದ್ರೆ ನಮಗದು ಬೇಕಾಗ್ಲಿಲ್ಲ.

ಚಕ್ಕುಲಿ ಕೊಟ್ಟಿದ್ನಲ್ಲ, ಖಾರ ಜಾಸ್ತಿಯಾಗಿದ್ರೆ ಸಾರಿ ತಾತ.