ಡಿಎನ್‌ಎ ಪರೀಕ್ಷೆಯ ಪೇಟೆಂಟ್ ಕುರಿತು ಸದಸ್ಯರ ಗಮನಕ್ಕೆ

ಕಾಸರಗೋಡಿನ ಆತ್ಮೀಯ ಕೃಷಿಕ ಬಂಧುಗಳೇ, ಅಡಿಕೆಯ ಸೋಗೆ ತುದಿಯಿಂದ ಹಳದಿಯಾಗುತ್ತ ಬರುವ ರೋಗದ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಾಣುವನ್ನು ಪಿಸಿಆರ್‌ನಿಂದ (ಡಿಎನ್‌ಎಯ ಒಂದು ಭಾಗವನ್ನು ಲಕ್ಷಾಂತರ ಪ್ರತಿ ಮಾಡಿ ಗುರುತಿಸುವ ವಿಧಾನ) ಪತ್ತೆಹಚ್ಚುವ ಬಗ್ಗೆ ಇಲ್ಲಿ ಮಾತು ಬಂದಾಗ, ಆ ವಿಧಾನಕ್ಕೆ ಇಂದಿಗೂ ಪೇಟೆಂಟ್ ಶುಲ್ಕವಿದೆ ಎಂದು ಕೆಲವರು ಬರೆದಿದ್ದರು, ಅದು ಸರಿಯಲ್ಲ. ಅಮೆರಿಕದ ಸೀಟಸ್ ಕಂಪನಿಗೆ 1987ರಲ್ಲಿ ದೊರೆತ ಪಿಸಿಆರ್‌ನ ಮೂಲ ಪೇಟೆಂಟ್‌ಗಳ ಹಕ್ಕನ್ನು ರೋಶ್ ಸಂಸ್ಥೆ 1991ರಲ್ಲಿ 30 ಕೋಟಿ ಡಾಲರಿಗೆ ಕೊಂಡಿತು, ಅವುಗಳ ಅವಧಿ 2005ರಲ್ಲೇ ಮುಗಿದಿದೆ. ಆದರೆ ಹೊಸ ಪ್ರೈಮರ್ (ಹುಡುಕುವ ಡಿಎನ್‌ಎ ಭಾಗಕ್ಕೆ ಅಂಟಿಕೊಳ್ಳುವ ಸಣ್ಣ ಡಿಎನ್‌ಎ ತುಣುಕು), ಕಿಣ್ವ, ಕಿಟ್‌ಗಳಿಗೆ ಕಂಪನಿಗಳು ಬೇರೆ ಬೇರೆ ಅರ್ಜಿ ಸಲ್ಲಿಸುತ್ತಲೇ ಇರುತ್ತವೆ. ನಮ್ಮ ದೇಶದಲ್ಲಿ ಅರ್ಜಿ ಸಾಮಾನ್ಯವಾಗಿ 18 ತಿಂಗಳ ಬಳಿಕ ಪ್ರಕಟವಾಗುತ್ತದೆ; ಪ್ರಕಟವಾದ ಮಾತ್ರಕ್ಕೆ ಪೇಟೆಂಟ್ ಸಿಕ್ಕಿತೆಂದು ಅರ್ಥವಲ್ಲ. ಆದ್ದರಿಂದ ಅರ್ಜಿಯ ಶೀರ್ಷಿಕೆಯನ್ನಷ್ಟೇ ಹಂಚದೆ, ಕಂಪನಿ ಯಾವುದರ ಮೇಲೆ ಹಕ್ಕು ಕೇಳಿದೆ ಎಂಬ ಕೊನೆಯ ಭಾಗವನ್ನು ಓದಿಯೇ ಇಲ್ಲಿ ಹಾಕಬೇಕೆಂದು ವಿನಂತಿ.